ಬೀಗದ ಕೈ ಗೊಂಚಲು ಕೈತಪ್ಪಿದ ದಿನ: ಬರ್ಮಿಂಗ್‌ಹ್ಯಾಮ್ ಜೈಲಿನ ಪ್ರಕರಣ

ಬಲೆ ಹತ್ತಿದವರು ಆರೇ ಜನ.

2016ರ ಡಿಸೆಂಬರ್ 16, ಶುಕ್ರವಾರ, ಬೆಳಗ್ಗೆ 9.15. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಜೈಲಿನ ಎನ್ ವಿಂಗ್. ಅಲ್ಲಿನ ಜೈಲುಗಳಲ್ಲಿ ಮಹಡಿಗಳ ಮಧ್ಯೆ ಒಂದು ದೊಡ್ಡ ಖಾಲಿ ಜಾಗ ಇರುತ್ತದೆ. ಎರಡೂ ಬದಿಗೆ ಸೆಲ್‌ಗಳ ಸಾಲು, ಸೆಲ್‌ಗಳ ಮುಂದೆ ಕಿರಿದಾದ ಓಡಾಟದ ದಾರಿ. ಮೇಲಿನಿಂದ ಯಾರೂ ಬೀಳದಿರಲಿ, ಯಾರೂ ಯಾರ ತಲೆ ಮೇಲೂ ಏನನ್ನೂ ಎಸೆಯದಿರಲಿ ಅಂತ ಆ ಖಾಲಿ ಜಾಗಕ್ಕೆ ಅಡ್ಡಲಾಗಿ ಬಲೆ ಬಿಗಿದಿರುತ್ತಾರೆ. ಕೈದಿಗಳು ಸಿಟ್ಟು ತೋರಿಸಬೇಕಾದರೆ ಆ ಬಲೆ ಹತ್ತಿ ಕೂತುಬಿಡುತ್ತಾರೆ. ಇದೇನು ಹೊಸದಲ್ಲ. ಸಾಮಾನ್ಯವಾಗಿ ಒಬ್ಬ ಹಳೇ ಆಫೀಸರ್ ಕೆಳಗೆ ನಿಂತು, ಸ್ವಲ್ಪ ಬೈದು, ಸ್ವಲ್ಪ ಪುಸಲಾಯಿಸಿ ಇಳಿಸುತ್ತಾನೆ.

ಅವತ್ತು ಹಾಗಾಗಲಿಲ್ಲ. ಇಳಿಸಲು ಹೋದ ಸಿಬ್ಬಂದಿಯೊಬ್ಬರ ಬೀಗದ ಕೈ ಗೊಂಚಲನ್ನು ಕೈದಿಗಳು ಕಿತ್ತುಕೊಂಡರು. ಗೊಂಚಲು ಹೋದ ಮೇಲೆ ಅಲ್ಲಿ ನಿಲ್ಲೋದು ಜೀವಕ್ಕೇ ಅಪಾಯ. ಸಿಬ್ಬಂದಿ ಹಿಂದೆ ಸರಿದರು. ಮೊದಲು ಎನ್ ವಿಂಗ್ ಕೈದಿಗಳ ವಶವಾಯಿತು, ಆಮೇಲೆ ಪಿ ವಿಂಗ್. ಮಧ್ಯಾಹ್ನ 1.30ಕ್ಕೆ ಇನ್ನೂ ಎರಡು ವಿಂಗ್‌ಗಳಿಗೆ ನುಗ್ಗಿದರು. ದಂಗೆ ಅಡಗಿಸಲೆಂದೇ ತರಬೇತಿ ಪಡೆದ ‘ಟೊರ್ನಾಡೋ’ ತಂಡಗಳನ್ನು ಒಂದರ ಮೇಲೊಂದು ಕಳಿಸಿದರು. ಮೊದಲು 2, ಆಮೇಲೆ 7, ಅದೂ ಸಾಲದೆ ಮತ್ತೆ 4. ರಾತ್ರಿ 8.30 ದಾಟಿದ ಮೇಲೆ 10 ತಂಡಗಳು ಒಟ್ಟಿಗೆ ಒಳನುಗ್ಗಿದವು. ನಾಲ್ಕೂ ವಿಂಗ್‌ಗಳು ಹತೋಟಿಗೆ ಬರುವಾಗ ರಾತ್ರಿ 10 ದಾಟಿತ್ತು. ಹೊರಗೆ ಪೊಲೀಸರು ಇಡೀ ದಿನ ಗೋಡೆ ಕಾಯುತ್ತಾ ನಿಂತಿದ್ದರು.

ಆರು ಜನ ಬಲೆ ಹತ್ತಿದ್ದಕ್ಕೆ ಹದಿಮೂರು ಗಂಟೆ. ಮ್ಯಾಂಚೆಸ್ಟರ್‌ನ ಸ್ಟ್ರೇಂಜ್‌ವೇಸ್ ಜೈಲಿನಲ್ಲಿ 1990ರಲ್ಲಿ 25 ದಿನ ನಡೆದ ದಂಗೆಯ ನಂತರ ಇಂಥದ್ದನ್ನು ಆ ದೇಶ ನೋಡಿರಲಿಲ್ಲ ಅಂತ ಪತ್ರಿಕೆಗಳು ಬರೆದವು.

ಗೊಂಚಲು ಕಿತ್ತುಕೊಂಡದ್ದು ಹೇಗೆ ಅನ್ನೋದು ಸಣ್ಣ ಪ್ರಶ್ನೆ. ಗೊಂಚಲನ್ನು ಬೆಲ್ಟಿಗೆ ಸರಪಳಿ ಹಾಕಿ ಕಟ್ಟಿಕೊಂಡಿರುತ್ತಾರೆ. ಆದರೂ ನಾಲ್ಕು ಜನ ಮೈಮೇಲೆ ಬಿದ್ದರೆ ಸರಪಳಿ ಏನು ಮಾಡುತ್ತದೆ? ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಕೈದಿಗಳಿಗೆ ಅವತ್ತು ಕೈ ಹಾಕುವ ಧೈರ್ಯ ಎಲ್ಲಿಂದ ಬಂತು? ಸಿಬ್ಬಂದಿಗೆ ತಡೆಯುವ ಧೈರ್ಯ ಎಲ್ಲಿಗೆ ಹೋಯಿತು?

ಅದಕ್ಕೆ ಐದಾರು ವರ್ಷ ಹಿಂದೆ ಹೋಗಬೇಕು.

ಮಾರಿದ ಜೈಲು

ಬರ್ಮಿಂಗ್‌ಹ್ಯಾಮ್ ಜೈಲು ಇರುವುದು ಊರಿನ ವಿನ್ಸನ್ ಗ್ರೀನ್ ಬಡಾವಣೆಯಲ್ಲಿ. 1849ರಲ್ಲಿ ಶುರುವಾದದ್ದು. ಸುಮಾರು 1,450 ಗಂಡಸರು. ಇದು ‘ಲೋಕಲ್’ ಜೈಲು, ಅಂದರೆ ಕೋರ್ಟಿನಿಂದ ನೇರವಾಗಿ ಬರುವವರು ಮೊದಲು ಇಳಿಯುವ ಜಾಗ. ವಿಚಾರಣಾಧೀನರು, ವ್ಯಸನಿಗಳು, ಮಾನಸಿಕ ಕಾಯಿಲೆ ಇರುವವರು, ಎರಡು ತಿಂಗಳಿಗೆ ಬಂದವರು, ಇಪ್ಪತ್ತು ವರ್ಷಕ್ಕೆ ಬಂದವರು, ಎಲ್ಲರೂ ಇಲ್ಲೇ. ದಿನವೂ ಒಂದಷ್ಟು ಜನ ಬರುತ್ತಾರೆ, ಒಂದಷ್ಟು ಜನ ಹೋಗುತ್ತಾರೆ. ಮುಖ ಪರಿಚಯ ಆಗುವಷ್ಟರಲ್ಲಿ ಮುಖವೇ ಬದಲು. ಇಂಥ ಜೈಲು ನಡೆಸೋಕೆ ಪಳಗಿದ ಕೈ ಬೇಕು.

2011ರ ಅಕ್ಟೋಬರ್‌ನಲ್ಲಿ ಸರ್ಕಾರ ಇದನ್ನು ಜಿ4ಎಸ್ ಎಂಬ ಖಾಸಗಿ ಭದ್ರತಾ ಕಂಪನಿಗೆ ಕೊಟ್ಟಿತು. ಖಾಸಗಿಯವರು ಕಟ್ಟಿ ನಡೆಸುವ ಜೈಲುಗಳು ಬ್ರಿಟನ್‌ನಲ್ಲಿ ಮೊದಲೇ ಇದ್ದವು. ಆದರೆ ಸರ್ಕಾರವೇ ನಡೆಸುತ್ತಿದ್ದ ಜೈಲೊಂದನ್ನು ಸಿಬ್ಬಂದಿ ಸಮೇತ ಖಾಸಗಿಗೆ ಒಪ್ಪಿಸಿದ್ದು ಅದೇ ಮೊದಲು. ಒಪ್ಪಂದ 15 ವರ್ಷದ್ದು. ನಿನ್ನೆ ರಾಣಿಯ ಸೇವೆಯಲ್ಲಿದ್ದೆ ಅಂದುಕೊಂಡಿದ್ದವನು ಇವತ್ತು ಬೆಳಗ್ಗೆ ಎದ್ದರೆ ಕಂಪನಿ ನೌಕರ. ಅದೇ ಗೇಟು, ಅದೇ ಸೆಲ್ಲು, ಅಂಗಿಯ ಮೇಲಿನ ಹೆಸರು ಮಾತ್ರ ಬೇರೆ.

ಕಾಕತಾಳೀಯವೋ ಏನೋ, ಆ ತಿಂಗಳೇ ಒಂದು ಗೊಂಚಲು ಕಾಣೆಯಾಯಿತು. ಸೆಲ್‌ಗಳನ್ನೆಲ್ಲ ತೆರೆಯಬಹುದಾದ ಗೊಂಚಲು. ಸುಮಾರು ಒಂದು ದಿನ ಪೂರ್ತಿ ಕೈದಿಗಳನ್ನು ಹೊರಗೆ ಬಿಡಲಿಲ್ಲ. ಇದೇ ಕಂಪನಿ ಮರುವರ್ಷ ಲಂಡನ್ ಒಲಿಂಪಿಕ್ಸ್‌ಗೆ ಒಪ್ಪಿಕೊಂಡಷ್ಟು ಕಾವಲುಗಾರರನ್ನು ಒದಗಿಸಲಾಗದೆ ಕೈಚೆಲ್ಲಿ, ಕೊನೆಗೆ ಸೈನಿಕರನ್ನು ಕರೆಸಬೇಕಾಯಿತು. ಜನರನ್ನು ಹುಡುಕಿ, ತರಬೇತಿ ಕೊಟ್ಟು, ಉಳಿಸಿಕೊಳ್ಳೋದು ಟೆಂಡರ್ ಬರೆದಷ್ಟು ಸುಲಭ ಅಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು.

ಹಾಗಂತ ತಪ್ಪೆಲ್ಲ ಕಂಪನಿಯದ್ದು ಅಂದುಬಿಟ್ಟರೆ ಕಥೆ ಅರ್ಧಕ್ಕೇ ನಿಂತುಹೋಗುತ್ತದೆ. ಅದೇ ಹೊತ್ತಿಗೆ ಸರ್ಕಾರಿ ಜೈಲುಗಳಲ್ಲೂ ಇದೇ ನಡೆಯುತ್ತಿತ್ತು. 2010ರ ನಂತರ ಬ್ರಿಟನ್ ಸರ್ಕಾರ ಎಲ್ಲ ಕಡೆ ಖರ್ಚು ಕಡಿತ ಮಾಡಿತು. 2012ರಲ್ಲಿ ಆಗಿನ ನ್ಯಾಯ ಸಚಿವ ಕ್ರಿಸ್ ಗ್ರೇಲಿಂಗ್ ಒಂದು ದಾರಿ ಹಿಡಿದರು. ಇನ್ನಷ್ಟು ಜೈಲುಗಳನ್ನು ಖಾಸಗಿಗೆ ಕೊಡೋದು ಬೇಡ, ಸರ್ಕಾರಿ ಜೈಲುಗಳೇ ಖಾಸಗಿಯಷ್ಟು ಅಗ್ಗವಾಗಿ ನಡೆಯಲಿ ಅಂದರು. ಇದಕ್ಕೆ ‘ಬೆಂಚ್‌ಮಾರ್ಕಿಂಗ್’ ಅಂತ ಹೆಸರು. ಒಂದು ವಿಂಗ್‌ಗೆ ಕನಿಷ್ಠ ಎಷ್ಟು ಜನ ಇದ್ದರೆ ಸಾಕು ಅಂತ ಲೆಕ್ಕ ಹಾಕಿ, ಉಳಿದವರನ್ನು ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದರು. ಹೊಸಬರಿಗೆ ಕಡಿಮೆ ಸಂಬಳದ ಹೊಸ ಕರಾರು.

2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಜೈಲುಗಳಲ್ಲಿ ಸುಮಾರು 25,000 ಆಫೀಸರ್‌ಗಳಿದ್ದರು. 2014ರ ಹೊತ್ತಿಗೆ ಸುಮಾರು 18,000. ಕೆಲವು ಜೈಲು ಮುಚ್ಚಿದವು, ಬರ್ಮಿಂಗ್‌ಹ್ಯಾಮ್‌ನಂಥವು ಲೆಕ್ಕದಿಂದ ಆಚೆ ಹೋದವು, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳೋಣ. ಆದರೆ ಕೈದಿಗಳ ಸಂಖ್ಯೆ ಮಾತ್ರ 85,000ದ ಆಸುಪಾಸಿನಲ್ಲೇ ಉಳಿಯಿತು.

ಹೋದವರು ಯಾರು

ಸ್ವಯಂ ನಿವೃತ್ತಿ ಯೋಜನೆಯ ತಮಾಷೆ ನೋಡಿ. ದುಡ್ಡು ಕೊಟ್ಟು ಕಳಿಸುವಾಗ ಹೋಗುವವರು ಯಾರು? ಇಪ್ಪತ್ತು, ಇಪ್ಪತ್ತೈದು ವರ್ಷ ಸರ್ವಿಸ್ ಆದವರು. ಅವರ ಸಂಬಳ ಜಾಸ್ತಿ, ಆದ್ದರಿಂದ ಉಳಿತಾಯವೂ ಜಾಸ್ತಿ. ಲೆಕ್ಕದ ಪುಸ್ತಕದಲ್ಲಿ ಒಳ್ಳೇ ಸುದ್ದಿ.

ಆದರೆ ಅವರ ಜೊತೆ ಏನು ಹೋಯಿತು ಅನ್ನೋದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ. ಹಳೇ ಆಫೀಸರ್ ಬೆಳಗ್ಗೆ ವಿಂಗ್‌ಗೆ ಕಾಲಿಟ್ಟ ತಕ್ಷಣ ಗಾಳಿ ಹೇಗಿದೆ ಅಂತ ಹೇಳಬಲ್ಲ. ತಿಂಡಿ ಸಾಲಿನಲ್ಲಿ ಗಲಾಟೆ ಇದ್ದರೆ ಅವನಿಗೆ ಚಿಂತೆ ಇಲ್ಲ. ಗಲಾಟೆ ಇಲ್ಲದಿದ್ದರೆ ಚಿಂತೆ. ಯಾರು ಯಾರಿಗೆ ತಂಬಾಕಿನ ಸಾಲ ಕೊಡಬೇಕು, ಯಾರ ಹೆಂಡತಿ ಮೂರು ವಾರದಿಂದ ಭೇಟಿಗೆ ಬಂದಿಲ್ಲ, ಯಾವ ಇಬ್ಬರನ್ನು ಒಂದೇ ಸೆಲ್‌ಗೆ ಹಾಕಬಾರದು, ಇದೆಲ್ಲ ಅವನ ತಲೆಯಲ್ಲಿರುತ್ತದೆ. ನಮ್ಮ ಊರಿನ ಬಸ್ ಕಂಡಕ್ಟರ್‌ಗೆ ಯಾರು ಎಲ್ಲಿ ಇಳಿಯುತ್ತಾರೆ ಅಂತ ಕೇಳದೇ ಗೊತ್ತಿರುತ್ತಲ್ಲ, ಹಾಗೆ. ‘ಏನಪ್ಪಾ, ಯಾಕೆ ಊಟ ಮಾಡಲಿಲ್ಲ?’ ಅಂತ ಅವನು ಕೇಳುವ ಒಂದು ಮಾತಿನಲ್ಲಿ ಅರ್ಧ ಭದ್ರತೆ ಇದೆ.

ಅವನ ಜಾಗಕ್ಕೆ ಬಂದವರಿಗೆ ಕೆಲವೇ ವಾರಗಳ ತರಬೇತಿ. ಹದಿನೆಂಟು ತುಂಬಿದ್ದರೆ ಅರ್ಜಿ ಹಾಕಬಹುದು. ಇಪ್ಪತ್ತರ ಹುಡುಗನೋ ಹುಡುಗಿಯೋ ಬಂದು, ತನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಜೈಲಲ್ಲೇ ಕಳೆದವನಿಗೆ ‘ಒಳಗೆ ನಡಿ’ ಅನ್ನಬೇಕು. ಅನ್ನೋಕೆ ಬರಲ್ಲ ಅಂತಲ್ಲ. ಅದನ್ನು ಕಲಿಯೋದು ಹಿರಿಯರನ್ನು ನೋಡಿ. ಹಿರಿಯರೇ ಇಲ್ಲದ ಮೇಲೆ ನೋಡೋದು ಯಾರನ್ನ?

ಜನ ಕಡಿಮೆಯಾದಾಗ ಒಳಗೆ ದಿನ ಹೇಗೆ ಹಳಸುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೋಬಲ ಕುಸಿಯುವುದು ಭಾಷಣ ಕೇಳದೆ ಅಲ್ಲ, ಇಂಥ ಸಣ್ಣ ವಿಷಯಗಳಲ್ಲಿ.

ವಿಂಗ್‌ಗೆ ಎಂಟು ಜನ ಬರಬೇಕು ಅಂದುಕೊಳ್ಳಿ. ಇಬ್ಬರು ರಜೆ. ಒಬ್ಬರು ಕೈದಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ಉಳಿದ ಐವರಲ್ಲಿ ಎಲ್ಲ ಸೆಲ್ ತೆರೆದು ಜನರನ್ನು ಹೊರಗೆ ಬಿಡೋದು ಅಪಾಯ. ಹಾಗಾಗಿ ಬಿಡಲ್ಲ. ಸ್ನಾನ ಇಲ್ಲ, ಮನೆಗೆ ಫೋನ್ ಇಲ್ಲ, ಕೆಲಸಕ್ಕೆ ಹೋಗೋದಿಲ್ಲ, ಅಂಗಳದ ಗಾಳಿ ಇಲ್ಲ. ಇಡೀ ದಿನ ಬಾಗಿಲು ಬಡಿಯುವ ಸದ್ದು. ಆ ಬಾಗಿಲಿನ ಈಚೆ ನಿಂತು ‘ಇವತ್ತು ಆಗಲ್ಲ’ ಅನ್ನಬೇಕಾದವನು ಯಾರು? ಸಚಿವರಲ್ಲ, ಕಂಪನಿಯ ಮ್ಯಾನೇಜರ್ ಅಲ್ಲ. ಗೊಂಚಲು ಹಿಡಿದ ಅದೇ ಹುಡುಗ. ಬೈಗುಳ ಅವನಿಗೆ. ಮರುದಿನ ಬಾಗಿಲು ತೆರೆದಾಗ ಮುಖಕ್ಕೆ ಬೀಳುವ ಗುದ್ದೂ ಅವನಿಗೇ. ಗುದ್ದು ತಿಂದವನು ಎರಡು ವಾರ ರಜೆ. ಈಗ ಐದಿದ್ದವರು ನಾಲ್ಕು. ಮತ್ತೆ ಬಾಗಿಲು ತೆರೆಯಲ್ಲ.

ಈ ಗಾಣ ಒಮ್ಮೆ ತಿರುಗಲು ಶುರುವಾದರೆ ಯಾರೂ ಎತ್ತನ್ನು ಬಿಚ್ಚೋದಿಲ್ಲ. ಆರು ತಿಂಗಳಲ್ಲಿ ಹೊಸ ಹುಡುಗ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಹುಡುಕುತ್ತಾನೆ. ಸಂಬಳದಲ್ಲಿ ಆಕಾಶ ಭೂಮಿ ವ್ಯತ್ಯಾಸ ಏನಿಲ್ಲ, ಗುದ್ದೂ ಇಲ್ಲ.

ಇದರ ಮೇಲೆ ‘ಸ್ಪೈಸ್’ ಬಂತು. ಗಾಂಜಾ ಥರ ಅಂತ ಹೇಳಿ ಮಾರುವ, ಆದರೆ ರಾಸಾಯನಿಕಗಳಿಂದ ಮಾಡಿದ ಮಾದಕ. ಕಾಗದಕ್ಕೆ ಸಿಂಪಡಿಸಿ ಪತ್ರದ ಹಾಗೆ ಒಳಗೆ ಕಳಿಸಬಹುದು, ಡ್ರೋನ್‌ನಲ್ಲಿ ಕಿಟಕಿಗೇ ಇಳಿಸಬಹುದು. ಸೇದಿದವನು ಒಮ್ಮೆ ಕಲ್ಲಿನಂತೆ ಬೀಳುತ್ತಾನೆ, ಇನ್ನೊಮ್ಮೆ ಹುಚ್ಚು ಹಿಡಿದವರ ಹಾಗೆ ಮೈಮೇಲೆ ಬೀಳುತ್ತಾನೆ. ಹೊಗೆ ಕುಡಿದ ಸಿಬ್ಬಂದಿಯೂ ತಲೆ ಸುತ್ತಿ ಕೂರಬೇಕು. ಸ್ಪೈಸ್ ಜೊತೆ ಸಾಲ ಬಂತು, ಸಾಲದ ಜೊತೆ ವಸೂಲಿ ಬಂತು, ವಸೂಲಿ ಮಾಡುವವರೇ ವಿಂಗ್‌ನ ಯಜಮಾನರಾದರು.

ಗಂಟೆ ಬಾರಿಸಿದವರು ಇರಲಿಲ್ಲವೇ?

ಇದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿ ಜೈಲಿಗೂ ಸ್ಥಳೀಯ ಸ್ವಯಂಸೇವಕರ ಒಂದು ಮೇಲ್ವಿಚಾರಣಾ ಮಂಡಳಿ ಇರುತ್ತದೆ. ಬರ್ಮಿಂಗ್‌ಹ್ಯಾಮ್‌ನ ಮಂಡಳಿ 2016ರ ಅಕ್ಟೋಬರ್‌ನಲ್ಲೇ, ಅಂದರೆ ದಂಗೆಗೆ ಎರಡು ತಿಂಗಳು ಮೊದಲೇ, ವರದಿಯಲ್ಲಿ ಬರೆದಿತ್ತು. ಮಾದಕ ವಸ್ತುಗಳಿಂದ ಹಿಂಸೆ ಏರುತ್ತಿದೆ, ಜನ ಸಾಲುತ್ತಿಲ್ಲ, ಸಿಬ್ಬಂದಿಗೆ ಕೈದಿಗಳ ಸುರಕ್ಷತೆಯ ಜೊತೆ ತಮ್ಮ ಜೀವದ ಬಗ್ಗೆಯೂ ಭಯ ಶುರುವಾಗಿದೆ ಅಂತ.

ನವೆಂಬರ್ 6ಕ್ಕೆ ಬೆಡ್‌ಫರ್ಡ್ ಜೈಲಿನಲ್ಲಿ ದಂಗೆ. ನವೆಂಬರ್ 15ಕ್ಕೆ ದೇಶದಾದ್ಯಂತ ಸಾವಿರಾರು ಜೈಲು ಸಿಬ್ಬಂದಿ ಕೆಲಸ ಬಿಟ್ಟು ಹೊರಗೆ ನಿಂತರು. ಯೂನಿಯನ್ ಲೆಕ್ಕದಲ್ಲಿ ಹತ್ತು ಸಾವಿರದವರೆಗೆ. ಇಲ್ಲೊಂದು ವಿಷಯ ಗೊತ್ತಿರಬೇಕು. ಅಲ್ಲಿ 1994ರ ಕಾನೂನಿನ ಪ್ರಕಾರ ಜೈಲು ಆಫೀಸರ್‌ಗಳು ಮುಷ್ಕರ ಮಾಡುವಂತಿಲ್ಲ. ಹಾಗಾಗಿ ಸರ್ಕಾರ ಹೈಕೋರ್ಟಿಗೆ ಹೋಯಿತು, ಕೋರ್ಟು ಅವತ್ತೇ ಒಳಗೆ ಹೋಗಿ ಅಂದಿತು, ಅವರು ಹೋದರು. ಕಷ್ಟ ಹೇಳೋಕೆ ಬಾಯಿ ಇಲ್ಲದ ಕೆಲಸದಲ್ಲಿ ಜನ ಕಾಲಿನಿಂದ ಮಾತಾಡುತ್ತಾರೆ. ಸುಮ್ನೆ ರಾಜೀನಾಮೆ ಕೊಟ್ಟು ಹೋಗುತ್ತಾರೆ.

ಸರ್ಕಾರ ಕಣ್ಣು ಮುಚ್ಚಿ ಕೂತಿತ್ತು ಅನ್ನೋದೂ ಸರಿಯಲ್ಲ. ಅದೇ ನವೆಂಬರ್‌ನಲ್ಲಿ ಸಚಿವೆ ಲಿಜ್ ಟ್ರಸ್ 2,500 ಹೆಚ್ಚುವರಿ ಆಫೀಸರ್‌ಗಳನ್ನು ನೇಮಿಸುವ ಯೋಜನೆ ಪ್ರಕಟಿಸಿದರು. ಏಳು ಸಾವಿರ ಕಳೆದು ಎರಡೂವರೆ ಸಾವಿರ ಕೂಡಿಸೋದು. ಆರು ವಾರದ ನಂತರ ಬರ್ಮಿಂಗ್‌ಹ್ಯಾಮ್ ಉರಿಯಿತು.

ದಂಗೆಯ ಬಗ್ಗೆ ನಡೆದ ತನಿಖೆಯ ಸಾರಾಂಶ ಹೊರಬಂದದ್ದು 2018ರಲ್ಲಿ. ಅದರ ಮುಖ್ಯ ಮಾತು ಇಷ್ಟು: ವರ್ಷಗಟ್ಟಲೆ ಜನ ಕಡಿಮೆ ಇದ್ದು ಇದ್ದು ಸಿಬ್ಬಂದಿ ಸವೆದುಹೋಗಿದ್ದರು, ಬಹುಮಟ್ಟಿಗೆ ಕೈದಿಗಳ ಮೇಲೆ ಕೈದಿಗಳದ್ದೇ ಕಾವಲು ನಡೆಯುತ್ತಿತ್ತು. ಬೆಳಗ್ಗೆ 9.15ಕ್ಕೆ ಕಿತ್ತುಕೊಂಡದ್ದು ಲೋಹದ ಗೊಂಚಲನ್ನಷ್ಟೇ. ಜೈಲಿನ ಬೀಗದ ಕೈ ಅದಕ್ಕೂ ಎಷ್ಟೋ ಮೊದಲೇ ಕೈ ಬದಲಾಯಿಸಿತ್ತು.

ಇಪ್ಪತ್ತು ತಿಂಗಳ ನಂತರ

ಇಂಥ ಪೆಟ್ಟು ಬಿದ್ದ ಮೇಲೆ ಸರಿಹೋಗಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಈ ಪ್ರಕರಣದಲ್ಲಿ ನನಗೆ ದಂಗೆಗಿಂತ ಭಯ ಹುಟ್ಟಿಸಿದ್ದು ಮುಂದಿನ ಭಾಗ.

2018ರ ಬೇಸಿಗೆಯಲ್ಲಿ ಜೈಲುಗಳ ಮುಖ್ಯ ಇನ್‌ಸ್ಪೆಕ್ಟರ್ ಪೀಟರ್ ಕ್ಲಾರ್ಕ್ ತಂಡ ತಪಾಸಣೆಗೆ ಹೋಯಿತು. ಕ್ಲಾರ್ಕ್ ಏನು ಸಾಮಾನ್ಯರಲ್ಲ, ಲಂಡನ್ ಪೊಲೀಸ್‌ನಲ್ಲಿ ಭಯೋತ್ಪಾದನಾ ನಿಗ್ರಹ ವಿಭಾಗದ ಮುಖ್ಯಸ್ಥರಾಗಿದ್ದವರು. ಅಂಥವರು ಒಂದು ವಿಂಗ್‌ನಲ್ಲಿ ಮಾದಕದ ಹೊಗೆ ತಡೆಯಲಾಗದೆ ಹೊರಗೆ ಬರಬೇಕಾಯಿತು. ನೆಲದ ಮೇಲೆ ರಕ್ತ, ವಾಂತಿ, ಇಲಿ ಹಿಕ್ಕೆ. ಜಿರಲೆ. 2017ರಲ್ಲಿ ಅಲ್ಲಿ ದಾಖಲಾದ ಹಲ್ಲೆ ಮತ್ತು ಹೊಡೆದಾಟ 1,147. ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ ಅತಿ ಜಾಸ್ತಿ.

ಸಿಬ್ಬಂದಿ ಎಲ್ಲಿದ್ದರು? ಕೆಲವರು ಆಫೀಸ್ ಕೋಣೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ಕೈದಿಗಳನ್ನು ಸೆಲ್‌ಗೆ ಹಾಕಿದ ಹೊತ್ತಿನಲ್ಲಿ ಕೆಲವರು ನಿದ್ದೆ ಹೋಗಿದ್ದರು. ತಪಾಸಣೆ ನಡೆಯುತ್ತಿದ್ದಾಗಲೇ ಸಿಬ್ಬಂದಿ ಕಾರು ನಿಲ್ಲಿಸುವ, ಭದ್ರ ಅಂತ ಹೇಳಿಕೊಳ್ಳುವ ಜಾಗಕ್ಕೆ ಯಾರೋ ನುಗ್ಗಿ ಕಾರುಗಳಿಗೆ ಬೆಂಕಿ ಇಟ್ಟರು.

ಈ ಕಾರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಡ್ಯೂಟಿ ಮುಗಿಸಿ ಹೊರಗೆ ಬಂದು ಕಾರಿನ ಬಾಗಿಲು ಹಾಕಿಕೊಂಡರೆ, ಅಲ್ಲಿಗೆ ಜೈಲು ಮುಗಿಯಿತು, ಇನ್ನು ಮನೆ. ಆ ಕಾರನ್ನೇ ಸುಟ್ಟರೆ? ಒಳಗೂ ನಾವೇ, ಹೊರಗೂ ನಾವೇ ಅಂತ ಹೇಳಿದ ಹಾಗೆ. ಆಮೇಲೆ ಯಾವ ಆಫೀಸರ್ ಸೆಲ್ ತಪಾಸಣೆ ಮಾಡಿ ಮೊಬೈಲ್ ಹಿಡಿಯಲು ಹೋಗುತ್ತಾನೆ? ಚಿಲಕ ಹಾಕಿಕೊಂಡು ಕೂತವರನ್ನು ಹೇಡಿಗಳು ಅಂತ ಪತ್ರಿಕೆ ಓದುತ್ತಾ ಅನ್ನೋದು ಸುಲಭ. ನನಗಂತೂ ಹಾಗೆ ಅನ್ನೋಕೆ ನಾಲಿಗೆ ಬರಲಿಲ್ಲ. ನಿದ್ದೆ ಹೋದವರ ಬಗ್ಗೆ ಅಷ್ಟು ಮೆತ್ತಗೆ ಮಾತಾಡಲಾರೆ, ಅದು ಬೇರೆ. ಆದರೆ ನಿದ್ದೆಗೂ ಚಿಲಕಕ್ಕೂ ಬೇರು ಒಂದೇ: ನಾನು ಏನು ಮಾಡಿದರೂ ಇಲ್ಲಿ ಏನೂ ಬದಲಾಗಲ್ಲ ಅನ್ನೋ ಭಾವನೆ.

ಇನ್ನೂ ಒಂದು ಅಂಕಿ ನೋಡಿ. ಟ್ರಸ್ ಹೇಳಿದ್ದ 2,500ರ ಗುರಿಯನ್ನು ಸರ್ಕಾರ ಅವಧಿಗೆ ಮೊದಲೇ ಮುಟ್ಟಿತ್ತು. 2018ರ ಮಾರ್ಚ್ ಕೊನೆಗೆ ಸರ್ಕಾರಿ ಜೈಲುಗಳಲ್ಲಿ 3,111 ಜನ ಹೆಚ್ಚಾಗಿದ್ದರು. ಆದರೂ ಅದೇ ವರ್ಷ ನಾಟಿಂಗ್‌ಹ್ಯಾಮ್, ಎಕ್ಸೆಟರ್, ಬರ್ಮಿಂಗ್‌ಹ್ಯಾಮ್, ಬೆಡ್‌ಫರ್ಡ್, ಹೀಗೆ ನಾಲ್ಕು ಜೈಲುಗಳ ಬಗ್ಗೆ ಇನ್‌ಸ್ಪೆಕ್ಟರ್ ಸಚಿವರಿಗೆ ತುರ್ತು ಎಚ್ಚರಿಕೆ ಪತ್ರ ಬರೆಯಬೇಕಾಯಿತು. ಬರ್ಮಿಂಗ್‌ಹ್ಯಾಮ್ ಬಿಟ್ಟರೆ ಉಳಿದ ಮೂರೂ ಸರ್ಕಾರಿ. ಖಾಸಗಿಯೋ ಸರ್ಕಾರಿಯೋ ಅನ್ನುವ ಜಗಳದಲ್ಲಿ ಎರಡೂ ಕಡೆಯವರು ಈ ಪಟ್ಟಿಯನ್ನು ಮರೆಯುತ್ತಾರೆ. ಕಳೆದುಕೊಂಡದ್ದು ಇಪ್ಪತ್ತು ವರ್ಷದವರನ್ನು, ತುಂಬಿದ್ದು ಇಪ್ಪತ್ತು ವಾರದವರನ್ನು. ತಲೆ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ, ಅಷ್ಟೇ.

ಇದನ್ನು ಓದುವಾಗ ನಮ್ಮ ಕಡೆ ತಿರುಗಿ ನೋಡದೇ ಇರೋಕೆ ಆಗಲಿಲ್ಲ. ಕೇಂದ್ರ ಗೃಹ ಇಲಾಖೆಯ 2016ರ ಮಾದರಿ ಜೈಲು ಕೈಪಿಡಿ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಅಂಕಿಗಳ ಪ್ರಕಾರ ದೇಶದ ಜೈಲುಗಳಲ್ಲಿ ನೂರು ಜನರ ಜಾಗದಲ್ಲಿ 131 ಜನ ಇದ್ದರು, ಮಂಜೂರಾದ ಹುದ್ದೆಗಳಲ್ಲಿ ಸುಮಾರು ಶೇ. 30 ಖಾಲಿ. ನಮ್ಮಲ್ಲಿ ಬ್ಯಾರಕ್ ಒಳಗಿನ ಎಷ್ಟೋ ಕೆಲಸಗಳನ್ನು ಶಿಕ್ಷಾಬಂಧಿಗಳ ಕೈಯಲ್ಲೇ ಮಾಡಿಸುತ್ತಾರೆ, ಅದು ಹಳೇ ಪದ್ಧತಿ. ಬರ್ಮಿಂಗ್‌ಹ್ಯಾಮ್ ತನಿಖೆ ‘ಕೈದಿಗಳದ್ದೇ ಕಾವಲು’ ಅಂತ ಗಾಬರಿಯಿಂದ ಬರೆದದ್ದನ್ನು ನಮ್ಮ ಹಳೇ ವಾರ್ಡರ್ ಯಾರಾದರೂ ಓದಿದರೆ ನಗಬಹುದು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಮತ್ತು ಇಲ್ಲಿನ ಜೈಲಿನ ದಿನಚರಿಯೇ ಬೇರೆ.

ಮೂವತ್ತು ಜನ

2018ರ ಆಗಸ್ಟ್ 20ರಂದು ಕ್ಲಾರ್ಕ್ ಪತ್ರ ಹೊರಬಂದ ದಿನವೇ ಸರ್ಕಾರ ಬರ್ಮಿಂಗ್‌ಹ್ಯಾಮ್ ಜೈಲನ್ನು ತನ್ನ ಕೈಗೆ ತೆಗೆದುಕೊಂಡಿತು. ಮೊದಲು ಆರು ತಿಂಗಳಿಗೆ ಅಂತ ಇತ್ತು. 15 ವರ್ಷದ ಒಪ್ಪಂದ ಏಳೇ ವರ್ಷಕ್ಕೆ ಕುಸಿದಿತ್ತು. ಪಾಲ್ ನ್ಯೂಟನ್ ಎಂಬ ಅನುಭವಿ ಗವರ್ನರ್, ಅಂದರೆ ಜೈಲಿನ ಮುಖ್ಯಸ್ಥರು, ಬಂದರು. ಆಮೇಲೆ 2019ರ ಏಪ್ರಿಲ್‌ನಲ್ಲಿ ಒಪ್ಪಂದ ರದ್ದು ಅಂತ ಪ್ರಕಟವಾಯಿತು, ಸರ್ಕಾರಕ್ಕೆ ಆದ ಖರ್ಚಿಗೆ ಕಂಪನಿ 99 ಲಕ್ಷ ಪೌಂಡ್ ಕೊಡಲು ಒಪ್ಪಿತು, ಜುಲೈ 1ರಿಂದ ಜೈಲು ಪೂರ್ತಿಯಾಗಿ ಸರ್ಕಾರದ್ದಾಯಿತು. ಅಂಗಿಯ ಮೇಲಿನ ಹೆಸರು ಮತ್ತೆ ಬದಲಾಯಿತು. ನಂತರದ ತಪಾಸಣೆಗಳು ಪರಿಸ್ಥಿತಿ ಸುಧಾರಿಸಿದೆ ಅಂದವು.

ಸುಧಾರಣೆಗೆ ಮೊದಲ ದಿನ ಪ್ರಕಟಿಸಿದ್ದು ಎರಡೇ ಕೆಲಸ. ಸುಮಾರು 300 ಕೈದಿಗಳನ್ನು ಬೇರೆ ಕಡೆ ಕಳಿಸೋದು. 30 ಜನ ಹೆಚ್ಚುವರಿ ಅನುಭವಿ ಆಫೀಸರ್‌ಗಳನ್ನು ಕರೆಸೋದು. ಭಾರ ಇಳಿಸು, ಪಳಗಿದ ಕೈ ಕೂಡಿಸು. ಹಳ್ಳಿಯಲ್ಲಿ ಗಾಡಿ ಕೆಸರಲ್ಲಿ ಸಿಕ್ಕಿಕೊಂಡರೆ ಯಾರಾದರೂ ಮಾಡುವ ಕೆಲಸ. ಇದನ್ನು 2016ರ ಅಕ್ಟೋಬರ್‌ನಲ್ಲಿ, ಆ ಸ್ವಯಂಸೇವಕರು ವರದಿ ಕೊಟ್ಟ ವಾರ ಮಾಡಬಹುದಿತ್ತು.

ಆ 30 ಜನ ಆಕಾಶದಿಂದ ಇಳಿಯಲಿಲ್ಲ. ಅವರು ಬಂದದ್ದು ಬೇರೆ ಸರ್ಕಾರಿ ಜೈಲುಗಳಿಂದ. ಅಲ್ಲಿಯೂ ಬೆಳಗ್ಗೆ ಯಾರೋ ಒಬ್ಬರು ಡ್ಯೂಟಿ ಪಟ್ಟಿ ಹಿಡಿದು ನಿಂತಿರುತ್ತಾರೆ, ಎಂಟು ಜನರ ಜಾಗದಲ್ಲಿ ಎಷ್ಟು ಜನ ಬಂದಿದ್ದಾರೆ ಅಂತ ಎಣಿಸುತ್ತಾ.